ವೈರ್‌ಗಾರ್ಡ್ ನಾನೇ ಬರೆದೆ: ಹ್ಯಾಂಡ್‌ಶೇಕ್ ಆಗುತ್ತಿಲ್ಲ, ಲೈಸೆನ್ಸ್ ಗೊಂದಲವೂ ಇದೆ

ಗೋಣಿಕೊಪ್ಪ_ಪಂಪ್:
ರೊಬಸ್ಟಾ ತೋಟದ ಸ್ಪ್ರಿಂಕ್ಲರ್ ಮೋಟರ್‌ಗೆ ಇಎಸ್‌ಪಿ32 (ವೈಫೈ ಇರುವ ಚಿಕ್ಕ ಚಿಪ್) ಕಂಟ್ರೋಲರ್ ಮಾಡಿದ್ದೇನೆ. ಹೂವಿಗೆ ನೀರು ಕೊಡುವ ಹೊತ್ತಿಗೆ ಮಡಿಕೇರಿಯಲ್ಲಿ ಕೂತೇ ಆನ್ ಮಾಡಬೇಕು. ಪಕ್ಕದ ತೋಟದವರೂ ಕೇಳುತ್ತಿದ್ದಾರೆ, ಮಾರುವ ಯೋಚನೆ ಇದೆ. ಸೋರ್ಸ್ ಕೋಡ್ ಕೊಡುವ ಮನಸ್ಸಿಲ್ಲ.

ದೂರದಿಂದ ಸುರಕ್ಷಿತವಾಗಿ ತಲುಪಲು ವೈರ್‌ಗಾರ್ಡ್ (ಎನ್‌ಕ್ರಿಪ್ಟ್ ಆದ ವಿಪಿಎನ್ ಸಂಪರ್ಕ) ಬೇಕಿತ್ತು. ಲಿನಕ್ಸ್ ಕರ್ನಲ್‌ನಲ್ಲಿ ಇರುವುದು ಜಿಪಿಎಲ್ 2 (ಆ ಕೋಡ್ ಸೇರಿಸಿ ಮಾರಿದರೆ ಸೋರ್ಸೂ ಕೊಡಬೇಕು ಅನ್ನುವ ಲೈಸೆನ್ಸ್) ಅಲ್ವಾ? ಅದಕ್ಕೇ ಪ್ರೋಟೋಕಾಲ್ ಪೇಪರ್ ಓದಿ ರಸ್ಟ್ ಭಾಷೆಯಲ್ಲಿ ನಾನೇ ಬರೆದೆ. ಟೈಮರ್ ಭಾಗವನ್ನು (ಕೀ ಯಾವಾಗ ಬದಲಿಸಬೇಕು ಇತ್ಯಾದಿ) ಮಾತ್ರ ಕರ್ನಲ್ ಫೈಲ್ ನೋಡಿಕೊಂಡು ಇಳಿಸಿದೆ. ಹೆಸರು ಟ್ರೇಡ್‌ಮಾರ್ಕ್ ಅಂತ ಗೊತ್ತಾದ ಮೇಲೆ ಕೋಡ್‌ನಲ್ಲಿ ಎಲ್ಲ ಕಡೆ ಬದಲಿಸಿದೆ. ಈಗ ಹ್ಯಾಂಡ್‌ಶೇಕ್‌ನ (ಎರಡು ಕಡೆಯವರು ಗುರುತಿಸಿಕೊಂಡು ಕೀ ಒಪ್ಪುವ ಹಂತ) 148 ಬೈಟ್‌ನ ಮೊದಲ ಪ್ಯಾಕೆಟ್ ಸರ್ವರ್ ತಲುಪುತ್ತದೆ, ಉತ್ತರವೇ ಇಲ್ಲ. ಕೀ ಎಲ್ಲ ಸರಿ ಇವೆ.

ಕುಶಾಲನಗರ_ಕರ್ನಲ್:
ಹೆಸರು ಬದಲಿಸುವಾಗ ಐಡೆಂಟಿಫೈಯರ್ ಸ್ಟ್ರಿಂಗೂ ಬದಲಾಯ್ತಾ ಮಾರಾಯ್ರೆ? 'ವೈರ್‌ಗಾರ್ಡ್ ವಿ1' ಅಂತ ಶುರುವಾಗಿ ಕೊನೆಗೆ ಬರೆದವರ ಇಮೇಲ್ ಇರುವ ಸಾಲು. ಹ್ಯಾಂಡ್‌ಶೇಕ್‌ನ ಮೊದಲ ಹ್ಯಾಶ್‌ಗೆ (ಬೈಟ್‌ಗಳ ಬೆರಳಚ್ಚು ಇದ್ದಂತೆ) ಅದು ಸೇರುತ್ತದೆ. ಒಂದಕ್ಷರ ಬೇರೆ ಆದರೂ ಸರ್ವರ್‌ಗೆ ನಿಮ್ಮ ಸ್ಟ್ಯಾಟಿಕ್ (ಕಾಯಂ) ಕೀ ಡೀಕ್ರಿಪ್ಟ್ ಆಗುವುದಿಲ್ಲ. ತಪ್ಪು ಪ್ಯಾಕೆಟ್‌ಗೆ ವೈರ್‌ಗಾರ್ಡ್ ಉತ್ತರ ಕೊಡುವುದೇ ಇಲ್ಲ, ಅದರ ವಿನ್ಯಾಸವೇ ಹಾಗೆ. ಸರ್ವರ್‌ನಲ್ಲಿ ಡೈನಾಮಿಕ್ ಡಿಬಗ್ (ಕರ್ನಲ್‌ನ ಒಳಗಿನ ಸಂದೇಶ ತೋರಿಸುವ ಸೌಲಭ್ಯ) ಆನ್ ಮಾಡಿ ಕರ್ನಲ್ ಲಾಗ್ ನೋಡಿ. 'ಇನ್‌ವ್ಯಾಲಿಡ್ ಹ್ಯಾಂಡ್‌ಶೇಕ್ ಇನಿಶಿಯೇಷನ್' ಅಂತ ಬಂದರೆ ಮ್ಯಾಕ್1 (ಪ್ಯಾಕೆಟ್‌ನ ಮೊದಲ ಪರೀಕ್ಷೆ) ಪಾಸ್ ಆಗಿದೆ, ಒಳಗಿನದ್ದು ಕೆಟ್ಟಿದೆ ಅಂತ ಅರ್ಥ.

ಆ ಸಾಲನ್ನು ಹಾಗೇ ವಾಪಸ್ ಹಾಕಿ. ಅದು ನಿಮ್ಮ ಸಾಮಾನಿನ ಹೆಸರಲ್ಲ, ಎರಡು ಕಡೆ ಹೊಂದಲು ಬೇಕಾದ ಬೈಟ್‌ಗಳು ಅಷ್ಟೆ. ಟ್ರೇಡ್‌ಮಾರ್ಕ್ ಚಿಂತೆ ಡಬ್ಬಿ ಮೇಲೆ ಏನು ಅಚ್ಚು ಹಾಕುತ್ತೀರಿ ಅನ್ನುವಲ್ಲಿ ಇರಲಿ.

ಗೋಣಿಕೊಪ್ಪ_ಪಂಪ್:
ಅದೇ! 92 ಬೈಟ್ ಉತ್ತರ ಬಂತು. ಥ್ಯಾಂಕ್ಸ್ ಅಣ್ಣ. ಟೈಮರ್ ಕಥೆ ಏನು? ಭಾಷೆಯೇ ಬೇರೆ ಆಯ್ತಲ್ಲ.

ಕುಶಾಲನಗರ_ಕರ್ನಲ್:
ನನಗೆ ಜಾಸ್ತಿ ಭಯ ಇರುವುದು ಅಲ್ಲೇ. ಪ್ರೋಟೋಕಾಲ್‌ನ ಐಡಿಯಾಗೆ ಕಾಪಿರೈಟ್ ಇಲ್ಲ. 120 ಸೆಕೆಂಡ್‌ಗೆ ಹೊಸ ಕೀ, 180ಕ್ಕೆ ಹಳೆಯದು ಬಂದ್, ಇವೆಲ್ಲ ಪೇಪರ್‌ನಲ್ಲೇ ಇವೆ, ಧಾರಾಳವಾಗಿ ಬಳಸಿ. ಆದರೆ ಕರ್ನಲ್‌ನ ಸಿ ಭಾಷೆಯ ಫೈಲನ್ನು ಸಾಲುಸಾಲಾಗಿ ರಸ್ಟ್‌ಗೆ ಇಳಿಸಿದರೆ ಅದು ಅನುವಾದ. ಅನುವಾದವೂ ಮಾರ್ಪಾಡೇ ಅಂತ ಜಿಪಿಎಲ್ 2 ಬಾಯಿಬಿಟ್ಟೇ ಹೇಳಿದೆ. ಆ ಫೈಲ್ ಅಳಿಸಿ. ಸುಮ್ನೆ ವೇರಿಯಬಲ್ ಹೆಸರು ಬದಲಿಸಿದರೆ ಸಾಲದು. ಕರ್ನಲ್ ನೋಡದ ಗೆಳೆಯರೊಬ್ಬರ ಕೈಲಿ ಪೇಪರ್‌ನ ಟೈಮರ್ ಭಾಗ ಕೊಟ್ಟು ಬರೆಸಿದರೆ ಇನ್ನೂ ಒಳ್ಳೆಯದು.

ಸರ್ವರ್‌ನಲ್ಲಿ ಜಿಪಿಎಲ್ ವೈರ್‌ಗಾರ್ಡ್ ಓಡಿಸಿ ಟೆಸ್ಟ್ ಮಾಡುವುದಕ್ಕೆ ಏನೂ ಅಡ್ಡಿ ಇಲ್ಲ.

ಮಡಿಕೇರಿ_ಮಳೆ:
ಅಷ್ಟೆಲ್ಲ ಕಷ್ಟ ಯಾಕೆ? ಕ್ಲೌಡ್‌ಫ್ಲೇರ್ ಕಂಪನಿ ಬರೆದ ವೈರ್‌ಗಾರ್ಡ್, ಬೋರಿಂಗ್‌ಟನ್ ಅಂತ, ರಸ್ಟ್‌ನಲ್ಲೇ ಇದೆ, ಬಿಎಸ್‌ಡಿ ಲೈಸೆನ್ಸ್. ಗೋ ಭಾಷೆಯ ವೈರ್‌ಗಾರ್ಡ್-ಗೋ ಎಂಐಟಿ ಲೈಸೆನ್ಸ್. ಅಲ್ಲಿಂದ ಟೈಮರ್ ಎತ್ತಿಕೊಳ್ಳಬಹುದು, ಸೋರ್ಸ್ ಕೊಡಬೇಕಿಲ್ಲ. ಅವರ ಕಾಪಿರೈಟ್ ನೋಟಿಸ್ ಮತ್ತು ಲೈಸೆನ್ಸ್‌ನ ಪೂರ್ತಿ ಪಠ್ಯ ಮಾತ್ರ ಡಬ್ಬಿ ಜೊತೆ ಕೊಡುವ ಹಾಳೆಯಲ್ಲಿ ಇರಬೇಕು.

ಗೋಣಿಕೊಪ್ಪ_ಪಂಪ್:
ಬೋರಿಂಗ್‌ಟನ್ ನೋಡುತ್ತೇನೆ. ಹಾಳೆ ಹೇಗೂ ಅಚ್ಚು ಹಾಕಿಸಲೇಬೇಕು, ನೋಟಿಸ್, ಲೈಸೆನ್ಸ್ ಎರಡೂ ಅದರ ಹಿಂದೆ ಹಾಕಿಸ್ತೇನೆ.