6 ಜಿಬಿ ಹಾಕಿಸಿದರೂ 3.24 ಜಿಬಿ ಮಾತ್ರ ಯಾಕೆ? ಹಳೆಯ ಡೆಸ್ಕ್‌ಟಾಪ್‌ ರ್‍ಯಾಮ್ ಪ್ರಶ್ನೋತ್ತರ

ಪ್ರಶ್ನೆ (ಮೂಡಿಗೆರೆ): ನಮಸ್ಕಾರ ಸರ್. ತೋಟದ ಲೆಕ್ಕ, ಆಳುಗಳ ಬಟವಾಡೆ ಎಲ್ಲ ಇರೋದು 2012ರಲ್ಲಿ ತಗೊಂಡ ಡೆಸ್ಕ್‌ಟಾಪ್‌ನಲ್ಲಿ. ಐ3-2120 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, ವಿಂಡೋಸ್ 7. ಇದ್ದದ್ದು 2 ಜಿಬಿ ರ್‍ಯಾಮ್. ಬ್ಯಾಂಕಿನ ಪುಟ, ಎಕ್ಸೆಲ್ ಎರಡೂ ತೆರೆದರೆ ಮೌಸ್ ಕೂಡ ಅಲ್ಲಾಡ್ತಿರಲಿಲ್ಲ. ಹೋದ ವಾರ ಪೇಟೆಯಲ್ಲಿ 4 ಜಿಬಿಯದ್ದು ಇನ್ನೊಂದು ಹಾಕಿಸಿದೆ. ಈಗ ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ '6.00 ಜಿಬಿ (3.24 ಜಿಬಿ ಯೂಸಬಲ್)' ಅಂತ ಬರ್ತಿದೆ. ಅಂಗಡಿಯವರು ಬೋರ್ಡೇ ಬದಲಾಯಿಸಿ ಅಂತಾರೆ. ರ್‍ಯಾಮ್ ನಕಲಿಯಾ ಸರ್?

ಉತ್ತರ (ಹಾಸನ, ಕಂಪ್ಯೂಟರ್ ರಿಪೇರಿ): ನಕಲಿ ಅಲ್ಲ ಸರ್. 6 ಅಂತ ತೋರಿಸ್ತಿದೆ ಅಂದರೆ ಬೋರ್ಡ್ ಎರಡೂ ರ್‍ಯಾಮನ್ನು ಗುರುತಿಸಿದೆ. ಬೋರ್ಡ್ ಬದಲಿಸಲೇಬೇಡಿ. ಎಚ್61ಕ್ಕೆ ಎರಡು ಸ್ಲಾಟ್ ಸೇರಿ 16 ಜಿಬಿವರೆಗೆ ಹಾಕಬಹುದು.

ಅದೇ ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಆ ಸಾಲಿನ ಕೆಳಗೇ 'ಸಿಸ್ಟಮ್ ಟೈಪ್' ನೋಡಿ. ಅಲ್ಲಿ 32-ಬಿಟ್ ಅಂತ ಇರುತ್ತೆ. 32-ಬಿಟ್ ವಿಂಡೋಸ್ 7ಕ್ಕೆ ಲೆಕ್ಕಕ್ಕೆ ಸಿಗೋದೇ ಒಟ್ಟು 4 ಜಿಬಿಯಷ್ಟು ವಿಳಾಸ (ಮೆಮೊರಿಯ ಜಾಗ ಗುರುತಿಸೋ ಸಂಖ್ಯೆ). ಅದರಲ್ಲೂ ಗ್ರಾಫಿಕ್ಸ್ ಮತ್ತು ಬೋರ್ಡಿನ ಉಳಿದ ಭಾಗಗಳಿಗೆ ಒಂದಷ್ಟು ಹೋಗುತ್ತೆ. ಉಳಿದದ್ದು ನಿಮ್ಮ 3.24. ಇನ್ನೂ 8 ಜಿಬಿ ತಂದು ಹಾಕಿದರೂ ಅಲ್ಲೇ ನಿಲ್ಲುತ್ತೆ.

64-ಬಿಟ್ ವಿಂಡೋಸ್ ಹಾಕಿದರೆ ಪೂರ್ತಿ ರ್‍ಯಾಮ್ ಬಳಕೆಗೆ ಬರುತ್ತೆ. ಆದರೆ 32ರ ಮೇಲೆ ಹಾಗೇ ಅಪ್‌ಗ್ರೇಡ್ ಆಗಲ್ಲ, ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಬೇಕು. ಮೊದಲು ಲೆಕ್ಕದ ಫೋಲ್ಡರ್, ಫೋಟೋ, ಡೆಸ್ಕ್‌ಟಾಪ್ ಮೇಲೆ ಬಿದ್ದಿರೋ ಫೈಲು ಎಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಈ ಒಂದು ಕೆಲಸಕ್ಕೆ ಅವಸರ ಬೇಡ. ಬಟವಾಡೆ ಲೆಕ್ಕ ಹೋದರೆ ಯಾವ ರ್‍ಯಾಮೂ ವಾಪಸ್ ಕೊಡಲ್ಲ. ನಿಮ್ಮ ಪ್ರಿಂಟರಿಗೆ 64-ಬಿಟ್ ಡ್ರೈವರ್ ಸಿಗುತ್ತಾ ಅಂತಲೂ ಮೊದಲೇ ನೋಡ್ಕೊಳ್ಳಿ. ಡಾಸ್ (ವಿಂಡೋಸ್‌ಗೂ ಮುಂಚಿನ ಸಿಸ್ಟಮ್) ಕಾಲದ ಲೆಕ್ಕದ ಪ್ರೋಗ್ರಾಂ ಇದ್ದರೆ 64-ಬಿಟ್ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡಲ್ಲ.

ಇನ್ನೊಂದು ಮಾತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿದೆ. ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡೋದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ವಿಂಡೋಸ್ 10ರದ್ದೂ 2025ರ ಅಕ್ಟೋಬರ್ 14ಕ್ಕೆ ಮುಗೀತು, 11ಕ್ಕೆ ನಿಮ್ಮ ಪ್ರೊಸೆಸರ್ ಅರ್ಹವಲ್ಲ. ನಿಮ್ಮ ಕೆಲಸ ಎಕ್ಸೆಲ್, ಬ್ರೌಸರ್ ಅಷ್ಟೇ ಆದರೆ ಹೇಗೂ ಹೊಸದಾಗಿ ಹಾಕ್ತೀರಲ್ಲ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗೋ 64-ಬಿಟ್ ಲಿನಕ್ಸ್ ಮಿಂಟ್ ಹಾಕಿಸಿ. ಅದರ ಲಿಬ್ರೆಆಫೀಸ್‌ನಲ್ಲಿ ಎಕ್ಸೆಲ್ ಫೈಲು ತೆರೆಯುತ್ತೆ, 6 ಜಿಬಿ ಧಾರಾಳ ಸಾಕು.

ಪ್ರಶ್ನೆ (ಮೂಡಿಗೆರೆ): ಹೌದು ಸರ್, 32-ಬಿಟ್ ಅಂತಲೇ ಇದೆ! ಒಂದು 2, ಒಂದು 4 ಹೀಗೆ ಬೇರೆ ಬೇರೆ ಇದ್ದರೆ ತೊಂದರೆಯಿಲ್ವಾ? ಹೊಸದರ ಮೇಲೆ 1600 ಅಂತಿದೆ, ಹಳೇದು 1333.

ಉತ್ತರ: ತೊಂದರೆಯಿಲ್ಲ. ನಿಮ್ಮ ಪ್ರೊಸೆಸರಿನ ಮಿತಿಯೇ 1333, ಎರಡೂ ಅದೇ ವೇಗದಲ್ಲಿ ಓಡ್ತವೆ. ಸಮನಾದ ಜೋಡಿ ಇದ್ದರೆ ಇನ್ನೂ ಒಳ್ಳೇದು, ಆದರೆ ಅದಕ್ಕಾಗಿ ಈಗ ಮತ್ತೆ ದುಡ್ಡು ಹಾಕಬೇಡಿ. ಹಾಕೋದಿದ್ದರೆ ಎಸ್‌ಎಸ್‌ಡಿಗೆ (ಹಾರ್ಡ್‌ಡಿಸ್ಕ್ ಬದಲಿಗೆ ಹಾಕೋ ವೇಗದ ಡ್ರೈವ್) ಹಾಕಿ, ಆನ್ ಆಗೋ ಸಮಯದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಪ್ರಶ್ನೆ (ಹಾಸನ, ಡಿಟಿಪಿ ಅಂಗಡಿ): ಅಣ್ಣಾ, ನಂದು ಇಂಟೆಲ್ ಜಿ41 ಬೋರ್ಡ್, ಡಿಡಿಆರ್3 ಜಾತಿಯ ಮೆಮೊರಿ. ಆನ್‌ಲೈನಲ್ಲಿ 4 ಜಿಬಿ ಕಡಿಮೆಗೆ ಸಿಕ್ತು ಅಂತ ತರಿಸಿದೆ. ಹಾಕಿದರೆ ಬೀಪ್ ಬೀಪ್ ಅಷ್ಟೇ, ಸ್ಕ್ರೀನ್ ಕಪ್ಪು. ಹಳೇದು ಹಾಕಿದರೆ ಸರಿ ಬರುತ್ತೆ.

ಉತ್ತರ: ಮೇಡಂ, ಹೊಸ ರ್‍ಯಾಮಿನ ಎರಡೂ ಮಗ್ಗುಲಲ್ಲಿರೋ ಕಪ್ಪು ಚಿಪ್ ಎಣಿಸಿ. ಒಟ್ಟು 8 ಇದ್ದರೆ ಒಂದೊಂದು ಚಿಪ್ 4 ಗಿಗಾಬಿಟ್‌ನದ್ದು (8 ಗಿಗಾಬಿಟ್ ಸೇರಿದರೆ 1 ಜಿಬಿ). ಜಿ41 ಒಪ್ಪೋದು 2 ಗಿಗಾಬಿಟ್ ಚಿಪ್‌ವರೆಗೆ ಮಾತ್ರ, ಅಂದರೆ 4 ಜಿಬಿಗೆ 16 ಚಿಪ್ ಇರಬೇಕು. 16 ಇದ್ದೂ ಬರದಿದ್ದರೆ ಲೇಬಲ್ಲೋ ಆರ್ಡರ್ ಪುಟವೋ ಓದಿ. 'ಎಎಂಡಿಗೆ (ಇಂಟೆಲ್‌ನ ಎದುರಾಳಿ ಕಂಪನಿ) ಮಾತ್ರ' ಅಂತ ಮಾರುವ ಅಗ್ಗದ ರ್‍ಯಾಮ್ ಇಂಟೆಲ್ ಬೋರ್ಡಿನಲ್ಲಿ ಏಳೋದಿಲ್ಲ. ಎರಡರಲ್ಲಿ ಯಾವ ಕಾರಣವಾದರೂ ಇವತ್ತೇ ರಿಟರ್ನ್ ಹಾಕಿ. ಹೊಸದು ಕೊಳ್ಳುವಾಗ '16 ಚಿಪ್, ಜಿ41ಕ್ಕೆ' ಅಂತ ಬಾಯಿಬಿಟ್ಟು ಕೇಳಿ.

ಪ್ರಶ್ನೆ (ಸಕಲೇಶಪುರ): ನಾನೇ ಕ್ಯಾಬಿನೆಟ್ ಬಿಚ್ಚಿ ಹಾಕಬಹುದಾ ಸರ್?

ಉತ್ತರ: ಖಂಡಿತ. ಯುಪಿಎಸ್ ಆಫ್ ಮಾಡಿ, ಪವರ್ ಕೇಬಲ್ಲನ್ನೇ ಕೀಳಿ, ಆಮೇಲೆ ಪವರ್ ಬಟನ್ ಒಂದು ಸಲ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗುತ್ತೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡು ಮುಟ್ಟಿ ಕೈಯ ಸ್ಟ್ಯಾಟಿಕ್ ಇಳಿಸಿ. ರ್‍ಯಾಮಿನ ಕೆಳಗೆ ನಡುವಿಗಿಂತ ಸ್ವಲ್ಪ ಪಕ್ಕಕ್ಕೆ ಒಂದು ಕಚ್ಚು ಇರುತ್ತೆ, ಸ್ಲಾಟಿನ ಉಬ್ಬಿಗೆ ಅದು ಸರಿಯಾಗಿ ಕೂರಬೇಕು. ಕೂರದಿದ್ದರೆ ತಿರುಗಿಸಿ ನೋಡಿ. ಆಗಲೂ ಕೂರದಿದ್ದರೆ ಅದು ಬೇರೆ ಜಾತಿ ರ್‍ಯಾಮ್, ಡಿಡಿಆರ್2, 3, 4ರ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಒತ್ತಬೇಡಿ. ಸರಿಯಾಗಿದ್ದರೆ ಎರಡೂ ತುದಿಗೆ ಹೆಬ್ಬೆರಳಿಟ್ಟು ಸಮ ಒತ್ತಿ, ಕ್ಲಿಪ್ ಟಕ್ ಅಂತ ತಾನೇ ಮುಚ್ಚುತ್ತೆ.

ನಿಮ್ಮ ಕಡೆ ಮಳೆಗಾಲದ ಶೀತಕ್ಕೆ ರ್‍ಯಾಮಿನ ಹಳದಿ ಅಂಚು ಮಂಕಾಗೋದು ಮಾಮೂಲು. ಬೀಪ್ ಬಂದರೆ ಗಾಬರಿ ಬೇಡ, ರ್‍ಯಾಮ್ ಹೊರಗೆ ತೆಗೆದು ಪೆನ್ಸಿಲ್ ರಬ್ಬರಿನಿಂದ ಆ ಅಂಚು ಮೆಲ್ಲಗೆ ಉಜ್ಜಿ, ಪುಡಿ ಪೂರ್ತಿ ಒರೆಸಿ ಮತ್ತೆ ಕೂರಿಸಿ. ಆಗಲೂ ಏಳದಿದ್ದರೆ ಒಂದೊಂದೇ ರ್‍ಯಾಮ್, ಒಂದೊಂದೇ ಸ್ಲಾಟ್ ಬದಲಾಯಿಸಿ ನೋಡಿ, ಎಷ್ಟು ಬೀಪ್ ಬಂತು ಅಂತ ಬೋರ್ಡಿನ ಫೋಟೋ ಜೊತೆ ಇಲ್ಲೇ ಹಾಕಿ.