ಸರೆಪ್ತದ ವಿಧವೆ ಕಥೆ ಹೇಳಿ "ಮೊದಲು ದೇವಸೇವಕನಿಗೆ ಕೊಡು" ಅಂದ್ರೆ ಅದು ವಾಕ್ಯಕ್ಕೆ ಸರಿನಾ?

ಕೆರೆಏರಿ_ಮಂಡ್ಯ:

ಎಲ್ರಿಗೂ ವಂದನೆಗಳು. ನಾನು ಮಂಡ್ಯ ಕಡೆಯವ್ನು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೇಲಿ ಬೆಳೆದಿದ್ದು, ಈಗ ಮನೆಯವ್ರ ಜೊತೆ ಒಂದು ಫೆಲೋಶಿಪ್‌ಗೆ ಹೋಗ್ತೀನಿ. ಹೋದ ಭಾನುವಾರ ಹೊರಗಿಂದ ಬಂದಿದ್ದ ದೇವಸೇವಕರೊಬ್ರು 1 ಅರಸುಗಳು 17ನೇ ಅಧ್ಯಾಯದ ಮೇಲೆ ಪ್ರಸಂಗ ಮಾಡುದ್ರು, ಅದೇ ಬರಗಾಲದಲ್ಲಿ ಪ್ರವಾದಿ ಎಲೀಯ ಸರೆಪ್ತ ಅನ್ನೋ ಊರಿನ ವಿಧವೆ ಹತ್ರ ರೊಟ್ಟಿ ಕೇಳೋದು. ಪರದೆ ಮೇಲೆ ಹಾಕಿದ್ದು 13ನೇ ವಚನ ಒಂದೇ, ಅದ್ರಲ್ಲೂ "ಮೊದಲು ನನಗೆ" ಅನ್ನೋದಕ್ಕೆ ಹಳದಿ ಬಣ್ಣ. ಅವ್ರು ಹೇಳಿದ್ದೇನಂದ್ರೆ, ಆ ವಿಧವೆ ಮಗನ ಊಟಕ್ಕಿಂತ ಮೊದಲು ದೇವರ ಮನುಷ್ಯನಿಗೆ ಕೊಟ್ಲು ಅದಕ್ಕೆ ಅವಳ ಮನೇಲಿ ಹಿಟ್ಟು ಎಣ್ಣೆ ತೀರಲಿಲ್ಲ, ನೀವೂ ಕೈಯಲ್ಲಿರೋ ಕೊನೇ ದುಡ್ಡನ್ನ ವಿಶ್ವಾಸದ ಬೀಜ ಅಂತ ಹಾಕಿ, ಕರ್ತನು ನೂರರಷ್ಟು ಕೊಡ್ತಾನೆ, ಈ ಸಭೇಲಿ ಇಂತಿಷ್ಟು ಕೊಡಬೇಕು ಅಂತ ಕೆಲವ್ರ ಬಗ್ಗೆ ದೇವರು ನನ್ನ ಹತ್ರ ಮಾತಾಡವ್ನೆ ಅಂತ.

ನಮ್ಮ ಚಿಕ್ಕಮ್ಮ ಅಲ್ಲೇ ಎದ್ದು ನಿಂತು ಮಾತು ಕೊಟ್ಬುಟ್ರು. ಚಿಕ್ಕಪ್ಪ ಇಲ್ಲ, ಕಬ್ಬಿನ ಬಿಲ್ ದುಡ್ಡು ಈಗ ಬಂದಿರೋದು, ಅದು ಮಗಳ ಕಾಲೇಜ್ ಫೀಸಿಗೆ ಅಂತ ಎತ್ತಿಟ್ಟಿರೋದು. ನಂಗೆ ಹೊಟ್ಟೆ ಉರಿದೋಯ್ತು. ಆದ್ರೆ ಕಥೆ ಬೈಬಲಲ್ಲೇ ಐತಲ್ಲ, ಎಲೀಯ ಹಂಗೆ ಕೇಳಿರೋದೂ ನಿಜ ತಾನೆ? ಒಂದು ಪ್ರಸಂಗ ವಾಕ್ಯಕ್ಕೆ ನಿಷ್ಠವಾಗೈತೋ ಇಲ್ವೋ ಅಂತ ನಮ್ಮಂಥ ಸಾಮಾನ್ಯ ವಿಶ್ವಾಸಿಗಳು ನೋಡೋದು ಹೆಂಗೆ? ಹಿಂಗೆ ಕೇಳಿದ್ರೆ "ಅಭಿಷಿಕ್ತರನ್ನ (ದೇವರು ಆರಿಸ್ಕೊಂಡೋರನ್ನ) ಮುಟ್ಟಬೇಡ" ಅಂತಾರೆ, ಅದಕ್ಕೂ ಏನಾದ್ರೂ ಹೇಳಿ.

ಮಂಡಿಮೊಹಲ್ಲಾ_ಟೀಚರ್:

ಮೊದಲು ಆ ಕೊನೇ ಪ್ರಶ್ನೆ ತಗೊಳ್ತೀನಿ ಬ್ರದರ್. ಅಪೊಸ್ತಲರ ಕೃತ್ಯಗಳು 17:11 ತೆಗೀರಿ. ಬೆರೋಯದವರು ಪೌಲನ ಮಾತನ್ನ ಆಸೆಯಿಂದ ಕೇಳಿದ್ರು, ಕೇಳಿ ಇದು ಹೌದೋ ಅಲ್ವೋ ಅಂತ ದಿನಾ ಶಾಸ್ತ್ರ ತೆಗೆದು ನೋಡಿದ್ರು. ಆ ಪುಸ್ತಕ ಬರೆದ ಲೂಕ ಅವರನ್ನ ಬಯ್ಯಲ್ಲ, ಥೆಸಲೋನಿಕದವರಿಗಿಂತ ಇವರೇ ಉತ್ತಮರು ಅಂತ ಹೊಗಳ್ತಾನೆ. ಪೌಲನ್ನೇ ಚೆಕ್ ಮಾಡಬಹುದಾದ್ರೆ ಮೈಕ್ ಹಿಡ್ಕೊಂಡಿರೋ ಯಾರನ್ನ ಬೇಕಾದ್ರೂ ಮಾಡಬಹುದು. ಅಭಿಷಿಕ್ತರನ್ನ ಮುಟ್ಟಬೇಡ ಅನ್ನೋದು ಕೀರ್ತನೆ 105ರಲ್ಲಿ ಬರುತ್ತೆ, ಅಲ್ಲಿ ಅದನ್ನ ಹೇಳಿರೋದು ರಾಜರಿಗೆ, ಊರಿಂದ ಊರಿಗೆ ಅಲೀತಿದ್ದ ಅಬ್ರಹಾಮ ಇಸಾಕ ಯಾಕೋಬರಿಗೆ ಕೇಡು ಮಾಡಬೇಡಿ ಅಂತ. ಪ್ರಸಂಗದ ಬಗ್ಗೆ ಪ್ರಶ್ನೆ ಕೇಳಬಾರದು ಅನ್ನೋದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ.

ಈಗ ಕಥೆಗೆ ಬನ್ನಿ. ನಾನು ಸಂಡೇ ಸ್ಕೂಲ್ ಮಕ್ಕಳಿಗೆ ಹೇಳೋದು ಒಂದೇ, ಪರದೆ ಮೇಲೆ ಬಂದ ವಚನದ ಹಿಂದೆ ಮುಂದೆ ಓದಿ. 9ನೇ ವಚನದಲ್ಲಿ ಎಲೀಯನನ್ನ ಅಲ್ಲಿಗೆ ಕಳಿಸಿದ್ದೇ ಯೆಹೋವ, ನಿನ್ನ ಪೋಷಣೆಗೆ ಅಲ್ಲೊಬ್ಬ ವಿಧವೆಗೆ ಅಪ್ಪಣೆ ಕೊಟ್ಟಿದ್ದೀನಿ ಅಂತ ಹೇಳಿ. 14ನೇ ವಚನದಲ್ಲಿ ಆ ವಾಗ್ದಾನಕ್ಕೆ ಗಡುವು ಇದೆ, ಯೆಹೋವನು ಮಳೆ ಸುರಿಸೋ ದಿನದ ತನಕ. ನೂರರಷ್ಟು ಅಂತ ಎಲ್ಲೂ ಇಲ್ಲ, ಅವಳು ಶ್ರೀಮಂತೆ ಆಗಲಿಲ್ಲ, ಬರ ಮುಗಿಯೋವರೆಗೂ ಮೂರು ಜೀವದ ಊಟ ನಡೀತು ಅಷ್ಟೆ. 15ನೇ ವಚನ ನೋಡಿ, ಎಲೀಯನೂ ಅವಳೂ ಅವಳ ಮನೆಯವ್ರೂ ಬಹಳ ದಿನ ಅದೇ ಹಿಟ್ಟು ತಿಂದ್ರು. ಎಲೀಯ ದುಡ್ಡು ಇಸ್ಕೊಂಡು ಮುಂದಿನ ಊರಿಗೆ ಹೋಗಲಿಲ್ಲ, ಅಲ್ಲೇ ಇದ್ದ, ಆಮೇಲೆ ಅವಳ ಮಗ ಸತ್ತಾಗ ಆ ಹೆಣವನ್ನ ಅವಳ ಮಡಿಲಿಂದ ತಗೊಂಡು ಮಾಳಿಗೆಗೆ ಹೊತ್ಕೊಂಡು ಹೋಗಿ ತನ್ನ ಮಂಚದ ಮೇಲೆ ಮಲಗಿಸಿ ದೇವರಿಗೆ ಮೊರೆಯಿಟ್ಟ. ಈ ಭಾಗ ಅವತ್ತು ಪ್ರಸಂಗದಲ್ಲಿ ಬಂತಾ?

ಇನ್ನೊಂದು, ಆ ಊರು ಇರೋದು ಸೀದೋನಿಗೆ ಸೇರಿದ ಸೀಮೇಲಿ. ಹಿಂದಿನ ಅಧ್ಯಾಯದ 31ನೇ ವಚನದಲ್ಲಿ ಇಸ್ರಾಯೇಲಿನ ರಾಣಿ ಈಜೆಬೆಲ್ ಸೀದೋನ್ಯರ ರಾಜನ ಮಗಳು ಅಂತ ಇದೆ, ಬಾಳ ಅನ್ನೋ ದೇವರ ಪೂಜೆ ತಂದವಳು. ಮಳೆ ಬೆಳೆ ಕೊಡೋನು ಬಾಳ ಅಂತ ನಂಬಿದ್ದ ನಾಡಲ್ಲೇ ಮಳೆ ಇಲ್ಲ, ಅಲ್ಲೇ ಯೆಹೋವನು ಒಬ್ಬ ಬಡವಿಗೆ ಹಿಟ್ಟು ಕೊಡ್ತಾನೆ. ಕಥೆಯ ಜೀವ ಇರೋದು ಇಲ್ಲಿ. ಯೇಸುಸ್ವಾಮಿಯೂ ಲೂಕ 4:25-26ರಲ್ಲಿ ಇದೇ ವಿಧವೆಯನ್ನ ನೆನೆಸ್ತಾರೆ, ಇಸ್ರಾಯೇಲಲ್ಲಿ ಎಷ್ಟೋ ವಿಧವೆಯರಿದ್ರೂ ದೇವರು ಎಲೀಯನನ್ನ ಕಳಿಸಿದ್ದು ಹೊರಗಿನವಳ ಹತ್ರ ಅಂತ. ನಜರೇತಿನವರಿಗೆ ಅದು ಕೇಳಿ ಸಿಟ್ಟು ಬಂದು ಬೆಟ್ಟದಿಂದ ತಳ್ಳಕ್ಕೆ ಕರ್ಕೊಂಡು ಹೋದ್ರು. ಸ್ವಾಮಿಯವರೇ ಈ ಕಥೆ ತಗೊಂಡಾಗ ಕಾಣಿಕೆ ಸುದ್ದಿನೇ ಎತ್ತಲಿಲ್ಲ.

ಲಷ್ಕರ್_ಓದುಗ:

ನಾನು ಕಥೋಲಿಕ, ಮೈಸೂರು ಫಿಲೋಮಿನಾ ಚರ್ಚಿಗೆ ಹೋಗೋನು. ನಮ್ಮಲ್ಲಿ ಭಾನುವಾರದ ವಾಚನಗಳನ್ನ ಸ್ವಾಮಿಗಳು ತಮಗಿಷ್ಟ ಬಂದಂಗೆ ಆರಿಸ್ಕೊಳ್ಳಂಗಿಲ್ಲ, ಮೂರು ವರ್ಷದ ಸರದಿ ಇದೆ. ಅದ್ರಲ್ಲಿ ಬಿ ವರ್ಷದ (ಸರದಿಯ ಎರಡನೇ ವರ್ಷ) ಸಾಧಾರಣ ಕಾಲದ 32ನೇ ಭಾನುವಾರ ಇದೇ ಸರೆಪ್ತದ ವಿಧವೆ ಮೊದಲನೇ ವಾಚನ, ಶುಭಸಂದೇಶ ಮಾರ್ಕ 12:38-44, ಎರಡು ಕಾಸು ಹಾಕಿದ ವಿಧವೆ. 2024ರ ನವೆಂಬರ್‌ನಲ್ಲಿ ಬಂದಿತ್ತು. ಆ ಶುಭಸಂದೇಶಕ್ಕೆ ಒಂದು ಚಿಕ್ಕ ರೂಪಾನೂ ಇದೆ, 41ರಿಂದ ಶುರು ಮಾಡಬಹುದು. ಹಂಗೆ ಮಾಡಿದ್ರೆ 40ನೇ ವಚನ ಬಿಟ್ಟೋಗುತ್ತೆ, ಉದ್ದ ಪ್ರಾರ್ಥನೆ ಮಾಡ್ತಾ ವಿಧವೆಯರ ಮನೆಗಳನ್ನ ನುಂಗೋರಿಗೆ ಕಠಿಣ ತೀರ್ಪು ಅಂತ ಯೇಸು ಹೇಳಿರೋದು ಅಲ್ಲೇ. ಆ ಎಚ್ಚರಿಕೆ ಕೊಟ್ಟ ಬೆನ್ನಿಗೇ ಆ ಬಡ ವಿಧವೆ ಬಂದು ಇದ್ದಬದ್ದದ್ದೆಲ್ಲ ಹಾಕ್ತಾಳೆ. ಅವಳ ಭಕ್ತಿ ದೊಡ್ಡದು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ 38ರಿಂದಾನೇ ಓದಿದವನು ಆ ಕಾಣಿಕೆ ಪೆಟ್ಟಿಗೆ ಇಟ್ಟೋರ ಬಗ್ಗೆನೂ ಯೋಚನೆ ಮಾಡ್ತಾನೆ. ಹಂಗಾಗಿ ಸರದಿ ಇದ್ದಮಾತ್ರಕ್ಕೆ ನಮ್ಮದೆಲ್ಲ ಸರಿ ಅಂತ ನಾನು ಹೇಳಲ್ಲ, ಯಾವ ಸಭೆ ಆದ್ರೂ ಎಲ್ಲಿಂದ ಎಲ್ಲೀವರೆಗೆ ಓದಿದ್ರು ಅಂತ ಗಮನಿಸಬೇಕು.

ಪಾಂಡವಪುರ_ಸೇವಕ:

ಕರ್ತನಿಗೆ ಸ್ತೋತ್ರ. ನಾನೂ ಒಂದು ಚಿಕ್ಕ ಸಭೆ ನಡೆಸೋನೆ, ಕಾಣಿಕೆಯಲ್ಲೇ ಮನೆ ನಡೀಬೇಕು, ಅದಕ್ಕೆ ಎರಡೂ ಕಡೆ ಮಾತಾಡ್ತೀನಿ. ಕೊಡೋದರ ಬಗ್ಗೆ ಪ್ರಸಂಗ ಮಾಡಿದ ತಕ್ಷಣ ಕಳ್ಳ ಅನ್ಬೇಡಿ. ಸುವಾರ್ತೆ ಸಾರೋರು ಅದರಿಂದಲೇ ಜೀವನ ಮಾಡಬಹುದು ಅಂತ 1 ಕೊರಿಂಥ 9:14ರಲ್ಲಿ ಪೌಲನೇ ಬರೆದವ್ನೆ, ಬರೆದು ಮುಂದಿನ ವಚನದಲ್ಲೇ ನಾನು ಆ ಹಕ್ಕನ್ನ ಬಳಸಲಿಲ್ಲ ಅಂತಾನೆ. ಹಂಗೆನೇ ಹಳೇ ಕಥೆಯನ್ನ ಇವತ್ತಿಗೆ ಅನ್ವಯಿಸೋದೂ ತಪ್ಪಲ್ಲ, ಅದಿಲ್ಲದಿದ್ರೆ ಪ್ರಸಂಗ ಯಾಕೆ. ಕಷ್ಟದಲ್ಲೂ ದೇವರನ್ನ ನಂಬು ಅಂತ ಆ ಕಥೆಯಿಂದ ಧಾರಾಳವಾಗಿ ಹೇಳಬಹುದು.

ಆದ್ರೆ "ನೀನು ಇಂತಿಷ್ಟು ಕೊಡಬೇಕು ಅಂತ ದೇವರು ನನಗೆ ಹೇಳಿದ್ರು" ಅಂದಾಗ ಆತ ವಾಕ್ಯ ವಿವರಿಸ್ತಿಲ್ಲ, ಎಲೀಯನ ಜಾಗದಲ್ಲೇ ಕೂತ್ಕೊಂಡ. ಅದನ್ನ ನಾನು ಒಪ್ಪಲ್ಲ. 2 ಕೊರಿಂಥ 9:7, ಪ್ರತಿಯೊಬ್ಬನು ತನ್ನ ಮನಸಲ್ಲಿ ನಿಶ್ಚಯಿಸಿಕೊಂಡ ಪ್ರಕಾರ ಕೊಡಲಿ, ಬಲವಂತಕ್ಕೆ ಬೇಡ. ಇನ್ನು ಇಡೀ ಬೈಬಲಲ್ಲಿ ವಿಧವೆ ಯಾವ ಕಡೆ ನಿಂತವ್ಳೆ ನೋಡಿ. ಧರ್ಮೋಪದೇಶಕಾಂಡ 14:28-29ರಲ್ಲಿ ಮೂರು ವರ್ಷಕ್ಕೊಂದ್ಸಲ ದಶಮಾಂಶವನ್ನ ಊರಲ್ಲೇ ಕೂಡಿಡಬೇಕು, ಲೇವಿಯ (ದೇವಾಲಯದ ಸೇವೆ ಮಾಡೋ ಕುಲದವನು), ಪರದೇಶಿ, ಅನಾಥ, ವಿಧವೆ ಬಂದು ತಿಂದು ತೃಪ್ತಿಯಾಗಬೇಕು. ಕೃತ್ಯಗಳು 6ರಲ್ಲಿ ವಿಧವೆಯರಿಗೆ ಊಟ ಸರಿಯಾಗಿ ಸಿಗ್ತಿಲ್ಲ ಅಂತ ಏಳು ಜನರನ್ನ ನೇಮಿಸಿದ್ರು. ಅಂದ್ರೆ ನಿಮ್ಮ ಚಿಕ್ಕಮ್ಮನ ಮಗಳ ಫೀಸಿಗೆ ಸಭೆಯೇ ಕೈ ಹಾಕಬೇಕಿತ್ತು.

ಕೆರೆಏರಿ_ಮಂಡ್ಯ:

ನಿನ್ನೆ ಸಂಜೆ ಚಿಕ್ಕಮ್ಮನ ಜೊತೆ ಕೂತು ಆ ಅಧ್ಯಾಯ ಪೂರ್ತಿ ಓದ್ಸಿದೆ. ಮಗ ಸತ್ತ ಭಾಗ ಬಂದಾಗ ಕನ್ನಡಕ ತೆಗೆದು ಸುಮ್ನೆ ಕೂತ್ಬುಟ್ರು. ಆಮೇಲೆ ಕೇಳಿದ್ದು, "ಎಲ್ಲಾ ಸರಿ ಕಣಪ್ಪ, ಆದ್ರೆ ದೇವರ ಮುಂದೆ ಮಾತು ಕೊಟ್ಬುಟ್ಟಿದ್ದೀನಲ್ಲ, ತಪ್ಪಿದ್ರೆ ಶಾಪ ಬರಲ್ವಾ?" ಪ್ರಸಂಗಿ 5ರಲ್ಲಿ ಹರಕೆ ಮಾಡಿದ್ರೆ ತೀರಿಸು ಅಂತ ಇರೋದನ್ನ ಅವ್ರೇ ತೋರ್ಸಿದ್ರು. ಇದಕ್ಕೆ ಏನಂತ ಹೇಳ್ಲಿ?

ಪಾಂಡವಪುರ_ಸೇವಕ:

ಅಮ್ಮನ ಭಯ ಸಣ್ಣದಲ್ಲ, ಹಗುರವಾಗಿ ತಗೋಬೇಡಿ. ಅವರಿಗೆ ಯಾಜಕಕಾಂಡ 27:8 ತೋರ್ಸಿ. ಹರಕೆ ಹೊತ್ತವನು ಅಷ್ಟು ಕೊಡಕ್ಕಾಗದಷ್ಟು ಬಡವನಾಗಿದ್ರೆ ಯಾಜಕನ ಮುಂದೆ ಬಂದು ನಿಲ್ಲಬೇಕು, ಯಾಜಕನು ಅವನ ಶಕ್ತಿ ನೋಡಿ ಮೊತ್ತ ಗೊತ್ತು ಮಾಡಬೇಕು. ಧರ್ಮಶಾಸ್ತ್ರದಲ್ಲೇ ಬಡವರಿಗೆ ಈ ದಾರಿ ಇಟ್ಟವ್ನೆ ದೇವರು. ಮತ್ತೆ ಮಾರ್ಕ 7:11-13, ಕೊರ್ಬಾನ್ (ಇದು ದೇವರಿಗೆ ಮುಡಿಪು) ಅಂತ ಹೇಳಿ ತಂದೆತಾಯಿಗೆ ಮಾಡಬೇಕಾದ್ದನ್ನ ತಪ್ಪಿಸೋರನ್ನ ಯೇಸುಸ್ವಾಮಿ ಖಂಡಿಸ್ತಾರೆ, ಕಾಣಿಕೆ ಹೆಸರಲ್ಲಿ ಮನೆಯವರನ್ನ ಕೈ ಬಿಡೋದು ದೇವರಿಗೆ ಬೇಕಾಗಿಲ್ಲ. ಬಂದುಹೋದೋರ ಹಿಂದೆ ಹೋಗ್ಬೇಡಿ, ನಿಮ್ಮ ಸಭೆಯ ಪಾಸ್ಟರ್ ಹತ್ರ ಅಮ್ಮನ್ನ ಕರ್ಕೊಂಡೋಗಿ, ಈ ಎರಡು ವಚನ ಇಟ್ಟು ನೇರವಾಗಿ ಮಾತಾಡಿ. ಫೀಸ್ ಕಟ್ಟೋ ಕಡೇ ದಿನ ಯಾವಾಗ ಅಂತ ನೋಡ್ಕೊಳಿ, ಅದನ್ನ ಮೊದಲು ಕಟ್ಟಿ. ಪಾಸ್ಟರ್ ಒಪ್ಪದಿದ್ರೆ ಇಲ್ಲಿ ಬರೀರಿ, ನಾನೇ ಒಂದಿನ ಬರ್ತೀನಿ.