ಪೈಂತೀಸ್, ಸೈಂತೀಸ್: ಹಿಂದಿ ಲೆಕ್ಕ ಕಿವಿಗೆ ಹತ್ತೋದು ಹೇಗೆ?

ಒಣದ್ರಾಕ್ಷಿ (ತಿಕೋಟಾ, ವಿಜಯಪುರ)
ನಮ್ಮದು ಒಣದ್ರಾಕ್ಷಿ ವ್ಯಾಪಾರ. ಹೋದ ವಾರ ದಿಲ್ಲಿಯ ಗಿರಾಕಿ ಫೋನಿನಲ್ಲಿ ಪೈಂತೀಸ್ (35) ಬಾಕ್ಸ್ ಅಂದರು, ನಾನು ಸೈಂತೀಸ್ ಅಂತ ಕೇಳಿ 37 ಅಂತ ಬರೆದುಕೊಂಡೆ. ಎರಡು ಬಾಕ್ಸ್ ಜಾಸ್ತಿ ಹೋಯಿತು, ಅದರ ಬಾಡಿಗೆ ನನ್ನ ತಲೆಗೇ ಬಂತು. ತಪ್ಪು ನನ್ನದೇ ಬಿಡಿ. ಮೂವತ್ತರ ತನಕ ಹೇಗೋ ನಡೆಯುತ್ತದೆ, ಆಮೇಲೆ ತಲೆ ಕೆಡುತ್ತದೆ. 'ಉನ್‌ಸಠ್' ಅಂದರೆ ಸಾಠ್ (60) ಕೇಳಿಸಿ 69 ಅಂದುಕೊಳ್ಳುತ್ತೇನೆ. ನೂರನ್ನೂ ಬಾಯಿಪಾಠ ಮಾಡದೆ ಬೇರೆ ದಾರಿ ಇದೆಯಾ?

ಗಡಿಯವ (ಬೆಳಗಾವಿ)
ಪೂರ್ತಿ ತಪ್ಪಿಸೋಕೆ ಆಗಲ್ಲ ಅಣ್ಣಾ, ಅರ್ಧ ಕಡಿಮೆ ಮಾಡಬಹುದು. ನಾವು ಮೊದಲು ಹತ್ತು ಹೇಳಿ ಆಮೇಲೆ ಬಿಡಿ ಹೇಳುತ್ತೇವೆ, ಮೂವತ್ತು-ಐದು. ಹಿಂದಿಯಲ್ಲಿ ಬಿಡಿ ಮೊದಲು, ಅದೂ ಸವೆದು ಸವೆದು ಗುರುತೇ ಸಿಗದ ಹಾಗೆ: ಪಾಂಚ್ (ಐದು) ಅನ್ನೋದು ಪೈಂತೀಸ್‌ನಲ್ಲಿ 'ಪೈಂ', 55ರ ಪಚ್‌ಪನ್‌ನಲ್ಲಿ 'ಪಚ್', 15ರ ಪಂದ್ರಹ್‌ನಲ್ಲಿ ಇನ್ನೇನೋ. ಬಾಲ ಮೊದಲು ಹಿಡಿಯಿರಿ. 'ತೀಸ್' 30ರ ಸಾಲು, 'ತಾಲೀಸ್' 40ರದು, 'ವನ್' ಅಥವಾ 'ಪನ್' 50ರದು, 'ಹತ್ತರ್' 70ರದು. 'ಉನ್' ಅಂದರೆ ಒಂದು ಕಮ್ಮಿ, ಹಾಗಾಗಿ ಉನ್‌ಸಠ್ 59, ಉನ್‌ಹತ್ತರ್ 69. ಆದರೆ 89 ನವಾಸೀ, 99 ನಿನ್ಯಾನವೇ, ಅಲ್ಲಿ ಈ ಆಟ ನಡೆಯಲ್ಲ. ಮರಾಠಿಯಲ್ಲಿ 89ಕ್ಕೂ ಏಕೋಣನವ್ವದ್ ಅಂತಲೇ ಇದೆ, 35 ಪಸ್ತೀಸ್, 37 ಸದತೀಸ್, ಗೊಂದಲ ಕಮ್ಮಿ. ಹಾಗಂತ ಮರಾಠಿ ಮಕ್ಕಳಿಗೂ ಇದು ಸುಲಭವಲ್ಲ. ಮಹಾರಾಷ್ಟ್ರದಲ್ಲಿ 2019ರಲ್ಲಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 25ಕ್ಕೆ ಪಂಚವೀಸ್ ಜೊತೆ 'ವೀಸ್ ಪಾಚ್' ಅಂತ ನಮ್ಮ ಥರ ಓದಿಸಲು ಹೋಗಿ ಎಷ್ಟು ಗಲಾಟೆ ಆಯಿತು!

ಗುಮ್ಮಟದ ಬದಿ (ವಿಜಯಪುರ)
ನಮ್ಮ ಮನೆಯಲ್ಲಿ ಉರ್ದು. ಲೆಕ್ಕದ ಮಾತು ಹಿಂದಿಯದ್ದೇ, ಬರೆಯೋದು ಬೇರೆ ಅಷ್ಟೇ. ಅಜ್ಜನ ಅಂಗಡಿ ಖಾತೆ ಪುಸ್ತಕ ಇನ್ನೂ ಇದೆ: ಸೊನ್ನೆ ಬರೀ ಚುಕ್ಕೆ, ಐದು ಬೋರಲು ಹಾಕಿದ ಹೃದಯ, ಏಳು ಬಾಯಿ ಮೇಲಾದ ಕವೆ, ಅದನ್ನೇ ತಿರುಗಿಸಿದರೆ ಎಂಟು. ಅಕ್ಷರ ಬಲದಿಂದ ಎಡಕ್ಕೆ ಹೋಗುತ್ತದೆ, ಅಂಕಿ ಮಾತ್ರ ಎಡದಿಂದ ಬಲಕ್ಕೆ. ಚಿಕ್ಕವನಿದ್ದಾಗ ಸುಮ್ನೆ ನೋಡುತ್ತಾ ಕೂರುತ್ತಿದ್ದೆ.
ನಿಮಗೆ ದುಡ್ಡು ಹೋಗೋದು ಪೈಂತೀಸ್‌ನಲ್ಲಿ ಅಲ್ಲ ರೀ, 'ಢಾಯೀ ಸೌ'ನಲ್ಲಿ. ಅದು 250. ಡೇಢ್ ಸೌ 150, ಸವಾ ಸೌ 125, ಪೌನೇ ದೋ ಸೌ 175. ಮೂರರಿಂದ ಮೇಲೆ 'ಸಾಢೇ' ಬರುತ್ತದೆ, ಸಾಢೇ ತೀನ್ ಸೌ 350. ಸಾಢೇ ದೋ ಅಂತ ಅಂದುಬಿಟ್ಟೀರಿ, ನಗುತ್ತಾರೆ.

ಒಣದ್ರಾಕ್ಷಿ
ಪೌನೇ ದೋ ಸೌ ಅಂದರೆ 200ರ ಹತ್ತಿರ ಅಂತ ಇಷ್ಟು ದಿನ ಅಂದಾಜಿನಲ್ಲಿ ಹೂಂ ಅನ್ನುತ್ತಿದ್ದೆ, ಯಪ್ಪಾ.

ಗಡಿಯವ
ಕೇಳಿದ್ದನ್ನು ಬಿಡಿಬಿಡಿಯಾಗಿ ತಿರುಗಿ ಹೇಳಿ, ತೀನ್-ಪಾಂಚ್ ಅಂತ. ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಒಣದ್ರಾಕ್ಷಿ
ಇವತ್ತೇ ಮಾಡಿದೆ. ಉನ್‌ಹತ್ತರ್ ಅಂದರು, "ಛೇ-ನೌ?" ಅಂದೆ. "ಹಾಂ ಭಾಯಿ, ಸಿಕ್ಸ್‌ಟಿನೈನ್" ಅಂದರು. ಇಂಗ್ಲಿಷ್ ಬರುತ್ತಿದ್ದರೆ ಮೊದಲೇ ಹೇಳಬಾರದಿತ್ತಾ!